ಸ್ಟೀಲ್, ರಾಬ್, ಬರ್ಗಲ್, ನಿಕ್: ಇಂಗ್ಲಿಷ್‌ನ ಕಳವಿನ ಕ್ರಿಯಾಪದಗಳಲ್ಲಿ ಯಾವುದು ಎಲ್ಲಿ?

ಕನ್ನಡದಲ್ಲಿ ‘ಬ್ಯಾಂಕ್ ದೋಚಿದರು’ ಎಂದರೂ ಸರಿ, ‘ಬ್ಯಾಂಕಿನ ಹಣ ದೋಚಿದರು’ ಎಂದರೂ ಸರಿ. ಜಾಗ, ವಸ್ತು ಎರಡಕ್ಕೂ ‘ದೋಚು’ ಒಗ್ಗಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಈ ಸಲುಗೆ ಸಿಗುವುದು ಅಪರೂಪ. ಅಲ್ಲಿ ಕಳವಿನ ಒಂದೊಂದು ಕ್ರಿಯಾಪದವೂ ತನ್ನ ಪಕ್ಕಕ್ಕೆ ಏನು ಬರಬೇಕೆಂದು ಗೊತ್ತು ಮಾಡಿಕೊಂಡೇ ಇರುತ್ತದೆ. ಕೆಲವಕ್ಕೆ ಹೋದ ವಸ್ತುವೇ ಬೇಕು, ಕೆಲವಕ್ಕೆ ಕಳೆದುಕೊಂಡ ಮನುಷ್ಯ, ಇನ್ನು ಕೆಲವಕ್ಕೆ ಕಳ್ಳ ನುಗ್ಗಿದ ಮನೆ. ನಮ್ಮಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಪದದ ಅರ್ಥ ಗೊತ್ತಿಲ್ಲದೆ ಆದವಲ್ಲ, ಈ ಹೊಂದಾಣಿಕೆ ತಪ್ಪಿ ಆದವು.

ಹಾಗಾಗಿ ಪದ ಆರಿಸುವಾಗ ಮೊದಲು ಕರ್ಮಪದ ನೋಡಿ. ಆಮೇಲೆ ಕಳವು ನಡೆದ ಬಗೆ ನೋಡಿ: ಹೆದರಿಸಿ ಕಿತ್ತುಕೊಂಡರೋ, ಕಣ್ಣು ತಪ್ಪಿಸಿ ಒಯ್ದರೋ, ನಂಬಿಸಿ ನುಂಗಿದರೋ. ಕೊನೆಗೆ ಯಾರ ಮುಂದೆ ಹೇಳುತ್ತಿದ್ದೀರಿ ಎಂಬುದು. ಗೆಳೆಯನ ಹತ್ತಿರ ಒಪ್ಪುವ ಪದ ದೂರಿನ ಅರ್ಜಿಯಲ್ಲಿ ಒಪ್ಪುವುದಿಲ್ಲ.

ಸ್ಟೀಲ್ ಮತ್ತು ರಾಬ್

ಇವೆರಡನ್ನು ಸರಿಯಾಗಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ‘ಸ್ಟೀಲ್’ ಪಕ್ಕದಲ್ಲಿ ಬರುವುದು ವಸ್ತು: ‘ಸಮ್‌ಒನ್ ಸ್ಟೋಲ್ ಮೈ ಫೋನ್’. ಯಾರಿಂದ, ಎಲ್ಲಿಂದ ಎಂದು ಹೇಳಬೇಕಾದರೆ ‘ಫ್ರಮ್’ ಸೇರಿಸಬೇಕು: ‘ದೆ ಸ್ಟೋಲ್ ದ ಮನಿ ಫ್ರಮ್ ದ ಬ್ಯಾಂಕ್’. ‘ರಾಬ್’ ಪಕ್ಕದಲ್ಲಿ ಬರುವುದು ಮನುಷ್ಯ ಅಥವಾ ಜಾಗ: ‘ದೆ ರಾಬ್ಡ್ ದ ಬ್ಯಾಂಕ್’, ‘ದೆ ರಾಬ್ಡ್ ಹಿಮ್’. ಏನು ಹೋಯಿತು ಎಂದು ಹೇಳಬೇಕಿದ್ದರೆ ಇಲ್ಲಿ ಬೇಕಾದ್ದು ‘ಫ್ರಮ್’ ಅಲ್ಲ, ಒಂದೇ ಎಫ್ ಇರುವ, ‘ಆವ್’ ಎಂದು ಉಚ್ಚರಿಸುವ ಪ್ರಿಪೊಸಿಷನ್: ‘ದೆ ರಾಬ್ಡ್ ಹಿಮ್ ಆವ್ ಹಿಸ್ ಸೇವಿಂಗ್ಸ್’. ‘ದೆ ರಾಬ್ಡ್ ದ ಮನಿ’ ಎಂದು ಬರೆದರೆ, ಹಣದ ಜೇಬಿಗೇ ಕೈ ಹಾಕಿ ಇನ್ನೇನನ್ನೋ ಕಿತ್ತುಕೊಂಡರು ಎಂಬಂತಾಗುತ್ತದೆ.

ಕರ್ಮಣಿ ಪ್ರಯೋಗದಲ್ಲಿ ಎಡವಟ್ಟು ಇನ್ನೂ ಎದ್ದು ಕಾಣುತ್ತದೆ. ‘ಮೈ ಪರ್ಸ್ ವಾಸ್ ಸ್ಟೋಲನ್’ ಸರಿ. ‘ಐ ವಾಸ್ ರಾಬ್ಡ್’ ಸರಿ. ‘ಮೈ ಪರ್ಸ್ ವಾಸ್ ರಾಬ್ಡ್’ ತಪ್ಪು. ‘ಐ ವಾಸ್ ಸ್ಟೋಲನ್’ ಎಂದರಂತೂ ನನ್ನನ್ನೇ ಯಾರೋ ಹೊತ್ತುಕೊಂಡು ಹೋದರು ಎಂದಾಯಿತು.

ಇಂಗ್ಲಿಷ್ ಮಾತೃಭಾಷೆಯವರು ದಿನನಿತ್ಯ ಹೆಚ್ಚಾಗಿ ಆಡುವ ರೂಪ ಇನ್ನೊಂದಿದೆ: ‘ಐ ಹ್ಯಾಡ್ ಮೈ ಫೋನ್ ಸ್ಟೋಲನ್’. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕೂದಲು ಕತ್ತರಿಸಿಕೊಂಡೆ ಎಂದು ಕಲಿತವರಿಗೆ ಇದು ‘ನಾನೇ ಫೋನ್ ಕದಿಸಿದೆ’ ಎಂದು ಕೇಳಿಸುತ್ತದೆ. ಹಾಗೇನಿಲ್ಲ. ಇದೇ ಚೌಕಟ್ಟನ್ನು ಇಂಗ್ಲಿಷ್‌ನಲ್ಲಿ ಬೇಕೆಂದು ಮಾಡಿಸಿಕೊಂಡದ್ದಕ್ಕೂ ಬಳಸುತ್ತಾರೆ, ಬೇಡದೆ ತಲೆ ಮೇಲೆ ಬಂದದ್ದಕ್ಕೂ ಬಳಸುತ್ತಾರೆ. ಯಾವುದೆಂದು ಸಂದರ್ಭವೇ ಹೇಳುತ್ತದೆ. ಧೈರ್ಯವಾಗಿ ಬಳಸಿ, ಮಾತಿಗೆ ಸಹಜತೆ ಬರುತ್ತದೆ.

ಐರ್ಲೆಂಡ್‌ನಲ್ಲೂ ಉತ್ತರ ಇಂಗ್ಲೆಂಡ್‌ನ ಕೆಲವು ಕಡೆಯ ಆಡುಮಾತಿನಲ್ಲೂ ‘ಹೀ ರಾಬ್ಡ್ ಮೈ ಬೈಕ್’ ಎಂದು ಕಿವಿಗೆ ಬೀಳುವುದುಂಟು. ಅದು ಅಲ್ಲಿನ ಪ್ರಾದೇಶಿಕ ಬಳಕೆ. ಕೇಳಿ ಅರ್ಥ ಮಾಡಿಕೊಂಡರೆ ಸಾಕು. ಪರೀಕ್ಷೆ, ಪತ್ರ, ಅರ್ಜಿಗಳಿಗೆ ತರಬೇಡಿ.

ಅರ್ಥದಲ್ಲಿನ ವ್ಯತ್ಯಾಸ: ‘ಸ್ಟೀಲ್’ ಎಲ್ಲ ಬಗೆಯ ಕಳವಿಗೂ ಹೊಂದುವ ಪದ. ‘ರಾಬ್’ನಲ್ಲಿ ಬಲಾತ್ಕಾರದ, ಬೆದರಿಕೆಯ ನೆರಳಿದೆ. ಕಾನೂನಿನಲ್ಲಿ ಇದು ಖಡಾಖಂಡಿತ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1968ರ ಥೆಫ್ಟ್ ಆ್ಯಕ್ಟ್‌ನಲ್ಲಿ 1ನೇ ಸೆಕ್ಷನ್ ಥೆಫ್ಟ್‌ಗೆ, 8ನೇ ಸೆಕ್ಷನ್ ರಾಬರಿಗೆ. ಕದಿಯುವ ಹೊತ್ತಿಗೋ ಅದಕ್ಕೆ ತುಸು ಮುಂಚೆಯೋ ಬಲ ಪ್ರಯೋಗಿಸಿದರೆ ಅಥವಾ ಬಲಪ್ರಯೋಗದ ಭಯ ಹುಟ್ಟಿಸಿದರೆ ಮಾತ್ರ ಅದು ರಾಬರಿ. ಆದರೆ ಊರಿಗೆ ಹೋಗಿ ಬಂದು ಬಾಗಿಲು ಮುರಿದದ್ದು ಕಂಡವರು ‘ವೀವ್ ಬೀನ್ ರಾಬ್ಡ್!’ ಎಂದೇ ಕೂಗುತ್ತಾರೆ. ಆಡುಮಾತಿನಲ್ಲಿ ಅದು ತಪ್ಪಲ್ಲ. ಪೊಲೀಸರಿಗೆ ಬರೆದುಕೊಡುವಾಗ ಆ ಪದ ಬೇಡ, ಏಕೆಂದರೆ ಆಗ ಅದು ಬೇರೆಯೇ, ಹೆಚ್ಚು ಗಂಭೀರವಾದ ಅಪರಾಧ.

ಇವೆರಡೂ ಕಳವಿನಾಚೆಗೂ ಓಡಾಡುತ್ತವೆ, ಅಲ್ಲಿಯೂ ಸ್ವಭಾವ ಬಿಡುವುದಿಲ್ಲ. ಗಾಯದಿಂದಾಗಿ ಆಟಗಾರನಿಗೆ ಫೈನಲ್ ತಪ್ಪಿದರೆ ‘ದ ಇಂಜುರಿ ರಾಬ್ಡ್ ಹಿಮ್ ಆವ್ ಹಿಸ್ ಚಾನ್ಸ್’. ನಿದ್ದೆ, ಘನತೆ, ನೆಮ್ಮದಿ ಕಸಿದುಕೊಂಡದ್ದಕ್ಕೂ ಇದೇ ರಚನೆ. ಅಂಪೈರ್ ತೀರ್ಪಿನಿಂದ ಅನ್ಯಾಯವಾಗಿ ಸೋತರೆ ಅಭಿಮಾನಿಗಳ ಬಾಯಲ್ಲಿ ‘ವೀ ವರ್ ರಾಬ್ಡ್’. ‘ಸ್ಟೀಲ್’ ಇಷ್ಟು ಕಹಿಯಲ್ಲ. ಕದ್ದು ನೋಡುವುದು ‘ಸ್ಟೀಲ್ ಎ ಗ್ಲಾನ್ಸ್’, ಸಭೆಯಲ್ಲಿ ಎಲ್ಲರ ಗಮನ ತನ್ನತ್ತ ಸೆಳೆಯುವುದು ‘ಸ್ಟೀಲ್ ದ ಶೋ’, ಸದ್ದಿಲ್ಲದೆ ಒಳಗೆ ಬರುವುದು ‘ಸ್ಟೀಲ್ ಇಂಟು ದ ರೂಮ್’. ‘ಇಟ್ಸ್ ಎ ಸ್ಟೀಲ್’ ಎಂದರೆ ಕದ್ದ ಮಾಲು ಎಂದಲ್ಲ, ನಂಬಲಾಗದಷ್ಟು ಅಗ್ಗ ಎಂದು. ಇದಕ್ಕೆ ನೇರ ವಿರುದ್ಧವಾದದ್ದು ಬ್ರಿಟಿಷರ ‘ಡೇಲೈಟ್ ರಾಬರಿ’. ನಮ್ಮ ‘ಹಗಲುದರೋಡೆ’ಯಂತೆ ವಿಪರೀತ ಬೆಲೆ ಕಿತ್ತರು ಎಂಬ ಅರ್ಥ. ಅಮೆರಿಕದಲ್ಲಿ ಇದನ್ನೇ ‘ಹೈವೇ ರಾಬರಿ’ ಎನ್ನುತ್ತಾರೆ. ನಿಜವಾಗಿ ಹಾಡಹಗಲೇ ದರೋಡೆ ನಡೆದಿದ್ದರೆ ‘ಇನ್ ಬ್ರಾಡ್ ಡೇಲೈಟ್’ ಎಂದೇ ಬರೆಯಬೇಕು.

ಕಾಗುಣಿತದ ಎರಡು ಗುಂಡಿಗಳು. ‘ಸ್ಟೀಲ್’ನ ರೂಪಗಳು ಸ್ಟೀಲ್, ಸ್ಟೋಲ್, ಸ್ಟೋಲನ್. ಕರ್ಮಣಿಯಲ್ಲಿ ‘ವಾಸ್ ಸ್ಟೋಲ್’ ಬರುವುದಿಲ್ಲ, ‘ವಾಸ್ ಸ್ಟೋಲನ್’ ಮಾತ್ರ. ಉಕ್ಕು ಎಂಬ ಅರ್ಥದ ಪದವೂ ಇದೇ ಉಚ್ಚಾರಣೆ, ಬರೆಯುವಾಗ ಅದರಲ್ಲಿ ಎರಡು ‘ಇ’. ಇನ್ನು ‘ರಾಬ್ಡ್’ ಬರೆಯುವಾಗ ‘ಬಿ’ ಎರಡು ಸಲ ಬರಬೇಕು. ಒಂದೇ ಬರೆದರೆ ‘ನಿಲುವಂಗಿ ತೊಟ್ಟ’ ಎಂಬ ಪದವಾಗಿಬಿಡುತ್ತದೆ. ಸ್ಪೆಲ್‌ಚೆಕ್ ಅದನ್ನು ಹಿಡಿಯುವುದಿಲ್ಲ, ಅದೂ ಸರಿಯಾದ ಪದವೇ ಅಲ್ಲವೇ.

ಮನೆಗೆ ಕನ್ನ ಹಾಕಿದರೆ

‘ಬರ್ಗಲ್’ಗೆ ಬೇಕಾದ್ದು ಕಟ್ಟಡ ಅಥವಾ ಅದರಲ್ಲಿ ಇರುವವರು: ‘ದೇರ್ ಹೌಸ್ ವಾಸ್ ಬರ್ಗಲ್ಡ್’, ‘ವೀ ವರ್ ಬರ್ಗಲ್ಡ್’. ‘ದೆ ಬರ್ಗಲ್ಡ್ ದ ಟಿವಿ’ ಆಗದು. ಇದು ಬ್ರಿಟಿಷ್ ಬಳಕೆ. ಅಮೆರಿಕನ್ನರು ‘ಬರ್ಗ್ಲರೈಜ್’ ಎನ್ನುತ್ತಾರೆ, ಅದು ಬ್ರಿಟಿಷ್ ಕಿವಿಗೆ ಒರಟು. ಎರಡೂ 19ನೇ ಶತಮಾನದಲ್ಲಿ ‘ಬರ್ಗ್ಲರ್’ ಎಂಬ ನಾಮಪದದಿಂದ ಹುಟ್ಟಿಕೊಂಡವು. ಬರ್ಗ್ಲರ್ ಮಾತ್ರ ಅವಕ್ಕಿಂತ ಬಹಳ ಹಳಬ.

ಇಲ್ಲಿ ಗಮನಿಸಬೇಕಾದ್ದು, ಬಾಗಿಲು ಮುರಿಯಲೇಬೇಕೆಂದೇನಿಲ್ಲ. 1968ರ ಅದೇ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕದಿಯುವ ಉದ್ದೇಶದಿಂದ ಅತಿಕ್ರಮವಾಗಿ ಒಳಗೆ ಕಾಲಿಟ್ಟರೇ ಬರ್ಗ್ಲರಿ. ತೆರೆದ ಕಿಟಕಿಯಿಂದ ಬಂದರೂ ಅಷ್ಟೆ, ಬರಿಗೈಲಿ ವಾಪಸಾದರೂ ಅಷ್ಟೆ. ಆದರೆ ಮಾತಿನಲ್ಲಿ ‘ಬರ್ಗಲ್’ ಎಂದ ಕೂಡಲೇ ಕೇಳುವವರು ‘ಏನೇನು ಹೋಯಿತು?’ ಎನ್ನುತ್ತಾರೆ. ಏನೂ ಹೋಗಿಲ್ಲದಿದ್ದರೆ ‘ಬ್ರೇಕ್ ಇಂಟು’ ಒಳ್ಳೆಯದು: ‘ಸಮ್‌ಒನ್ ಬ್ರೋಕ್ ಇಂಟು ದ ಆಫೀಸ್, ಬಟ್ ನಥಿಂಗ್ ವಾಸ್ ಟೇಕನ್’. ನಿಲ್ಲಿಸಿದ ಕಾರಿನ ಗಾಜು ಒಡೆದು ಒಳಗಿನದನ್ನು ಒಯ್ದಾಗಲೂ ‘ಬ್ರೇಕ್ ಇಂಟು’ ಹೊಂದುತ್ತದೆ. ಮನೆಯನ್ನೆಲ್ಲ ತಲೆಕೆಳಗು ಮಾಡಿ ಹೋಗಿದ್ದರೆ ‘ರ‍್ಯಾನ್‌ಸ್ಯಾಕ್’. ಅದು ಹೇಳುವುದು ಆ ರಂಪವನ್ನು, ಕಳವನ್ನಲ್ಲ. ರ‍್ಯಾನ್‌ಸ್ಯಾಕ್ ಆದ ಮನೆಯಿಂದ ಒಂದು ಚಮಚವೂ ಹೋಗದೆ ಇರಬಹುದು.

ಬೀದಿಯಲ್ಲಿ ಅಡ್ಡಗಟ್ಟಿದರೆ

ಬೀದಿ, ಪಾರ್ಕು, ಸಬ್‌ವೇಗಳಲ್ಲಿ ಒಬ್ಬರನ್ನು ಹೊಡೆದೋ ಹೆದರಿಸಿಯೋ ಕಿತ್ತುಕೊಂಡರೆ ‘ಮಗ್’. ಕರ್ಮ ಯಾವಾಗಲೂ ಮನುಷ್ಯನೇ: ‘ಶೀ ವಾಸ್ ಮಗ್ಡ್ ಔಟ್‌ಸೈಡ್ ದ ಸ್ಟೇಷನ್’. ಮನೆಯನ್ನೋ ಬ್ಯಾಂಕನ್ನೋ ಯಾರೂ ಮಗ್ ಮಾಡುವುದಿಲ್ಲ. ಆಯುಧ ತೋರಿಸಿ ಬ್ಯಾಂಕ್, ಅಂಗಡಿಗಳನ್ನು ದೋಚಿದರೆ ‘ಹೋಲ್ಡ್ ಅಪ್’. ಆದರೆ ‘ಐ ವಾಸ್ ಹೆಲ್ಡ್ ಅಪ್’ ಎಂದಷ್ಟೇ ಹೇಳಿದರೆ ಹತ್ತಕ್ಕೆ ಒಂಬತ್ತು ಮಂದಿ ‘ಓ, ಟ್ರಾಫಿಕ್ಕಾ?’ ಎಂದುಕೊಳ್ಳುತ್ತಾರೆ, ಏಕೆಂದರೆ ತಡವಾಯಿತು ಎನ್ನುವುದಕ್ಕೂ ಇದೇ ಪದ. ದರೋಡೆಯೇ ಆಗಿದ್ದರೆ ‘ಅಟ್ ಗನ್‌ಪಾಯಿಂಟ್’ ಅಥವಾ ‘ಅಟ್ ನೈಫ್‌ಪಾಯಿಂಟ್’ ಸೇರಿಸಿ.

‘ಸ್ನ್ಯಾಚ್’ನಲ್ಲಿರುವುದು ವೇಗ. ಗಬಕ್ಕನೆ ಕಿತ್ತು ಓಡಿದ ಚಿತ್ರ. ಇದಕ್ಕೆ ವಸ್ತುವೇ ಕರ್ಮವಾಗಬೇಕು: ‘ಹೀ ಸ್ನ್ಯಾಚ್ಡ್ ಹರ್ ಬ್ಯಾಗ್’. ‘ಶೀ ವಾಸ್ ಸ್ನ್ಯಾಚ್ಡ್’ ಎಂದರೆ ಅವಳನ್ನೇ ಅಪಹರಿಸಿದರು. ‘ಸ್ನ್ಯಾಚ್ ಅಟ್’ ಎಂದರೆ ಕಿತ್ತುಕೊಳ್ಳಲು ಕೈ ಹಾಕಿದ ಎಂದಷ್ಟೇ, ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ವಿಮಾನ, ಬಸ್ಸುಗಳನ್ನು ವಶಪಡಿಸಿಕೊಳ್ಳುವುದು ‘ಹೈಜ್ಯಾಕ್’, ಚಾಲಕನಿಂದ ಕಾರು ಕಿತ್ತುಕೊಳ್ಳುವುದು ‘ಕಾರ್‌ಜ್ಯಾಕ್’, ಮನುಷ್ಯರಿಗೆ ‘ಕಿಡ್ನ್ಯಾಪ್’ ಅಥವಾ ‘ಅಬ್ಡಕ್ಟ್’.

ಕಣ್ಣು ತಪ್ಪಿಸಿ ಒಯ್ದರೆ

ಜೇಬುಗಳ್ಳನಿಗೆ ‘ಪಿಕ್‌ಪಾಕೆಟ್’. ಇದು ಮೂಲತಃ ನಾಮಪದವಾದರೂ ‘ಐ ವಾಸ್ ಪಿಕ್‌ಪಾಕೆಟೆಡ್’ ಎಂದು ಕ್ರಿಯಾಪದವಾಗಿಯೂ ನಡೆಯುತ್ತದೆ. ‘ಐ ಹ್ಯಾಡ್ ಮೈ ಪಾಕೆಟ್ ಪಿಕ್ಡ್’ ಹಳೆಯ, ಚೊಕ್ಕ ರೂಪ. ಅಂಗಡಿಯಲ್ಲಿ ಗಿರಾಕಿಯಂತೆ ಬಂದು ಸಾಮಾನು ಬಚ್ಚಿಟ್ಟುಕೊಂಡು ಹೋದರೆ ‘ಶಾಪ್‌ಲಿಫ್ಟ್’. ಪದದೊಳಗೆ ‘ಶಾಪ್’ ಇದೆ ಎಂದು ಅಂಗಡಿಯನ್ನು ಕರ್ಮವಾಗಿಸಬೇಡಿ. ಶಾಪ್‌ಲಿಫ್ಟ್ ಆಗುವುದು ಶರ್ಟು, ಲಿಪ್‌ಸ್ಟಿಕ್ಕು. ರಾತ್ರಿ ಬೀಗ ಮುರಿದು ಅಂಗಡಿಗೆ ನುಗ್ಗಿದರೆ ಅದು ಬರ್ಗ್ಲರಿ, ಶಾಪ್‌ಲಿಫ್ಟಿಂಗ್ ಅಲ್ಲ.

‘ಪಿಲ್ಫರ್’ಗೆ ಎರಡು ಗುಣ: ವಸ್ತು ಚಿಕ್ಕದು, ಕಳವು ಪದೇ ಪದೇ ನಡೆಯುವಂಥದ್ದು. ಕೆಲಸದ ಜಾಗದಿಂದ ಪೆನ್ನು, ಕಾಗದ, ಬ್ಯಾಟರಿ ಮನೆಗೆ ಸಾಗಿಸುವವರ ಕ್ರಿಯಾಪದ ಇದು. ‘ಫಿಲ್ಚ್’ ಕೂಡ ಸಣ್ಣದ್ದಕ್ಕೇ, ಆದರೆ ಒಂದು ಸಲದ್ದಕ್ಕೂ ನಡೆಯುತ್ತದೆ, ಕಳ್ಳ ನೋಟ ಅದರಲ್ಲಿ ಹೆಚ್ಚು. ‘ಪರ್ಲಾಯ್ನ್’ ಪುಸ್ತಕದ ಪದ. ಇಂದು ಅದನ್ನು ಬಳಸುವವರು ಬಹುಪಾಲು ತಮಾಷೆಗೆ ಬಳಸುತ್ತಾರೆ. ದೂರಿನ ಪತ್ರದಲ್ಲಿ ಹಾಕಿದರೆ ಓದುವವರು ನಿಮ್ಮ ನಷ್ಟವನ್ನು ಹಗುರವಾಗಿ ತೆಗೆದುಕೊಂಡಾರು.

ನಮ್ಮ ‘ಎಗರಿಸು’, ‘ಲಪಟಾಯಿಸು’ಗಳಂಥವು

ಆಡುಮಾತಿನ ಪದಗಳೆಂದರೆ ಬ್ರಿಟಿಷರ ‘ನಿಕ್’, ‘ಪಿಂಚ್’ ಮತ್ತು ಅಮೆರಿಕನ್ನರ ‘ಸ್ವೈಪ್’. ಮೂರಕ್ಕೂ ‘ಸ್ಟೀಲ್’ನದೇ ವ್ಯಾಕರಣ, ಪಕ್ಕದಲ್ಲಿ ವಸ್ತು, ಬೇಕಿದ್ದರೆ ‘ಫ್ರಮ್’. ‘ಹೂ ನಿಕ್ಡ್ ಮೈ ಪೆನ್?’ ಎಂಬುದರಲ್ಲಿ ಸಿಟ್ಟಿಗಿಂತ ಸಲುಗೆ ಹೆಚ್ಚು. ಹಾಗಂತ ಸಣ್ಣದ್ದಕ್ಕೆ ಮಾತ್ರ ಎಂದಲ್ಲ, ಬೈಕು, ಕಾರುಗಳೂ ನಿಕ್ ಆಗುತ್ತವೆ.

‘ನಿಕ್’ ಬಹುರೂಪಿ, ಅದನ್ನು ಹತ್ತಿರದಿಂದ ನೋಡಬೇಕು. ‘ಹಿಸ್ ಬೈಕ್ ಗಾಟ್ ನಿಕ್ಡ್’ ಎಂದರೆ ಬೈಕ್ ಕಳವಾಯಿತು. ‘ಹೀ ಗಾಟ್ ನಿಕ್ಡ್’ ಎಂದರೆ ಅವನನ್ನು ಪೊಲೀಸರು ಹಿಡಿದರು. ‘ಹೀ ಈಸ್ ಇನ್ ದ ನಿಕ್’ ಎಂದರೆ ಜೈಲಿನಲ್ಲೋ ಠಾಣೆಯಲ್ಲೋ ಇದ್ದಾನೆ. ‘ದ ಬೈಕ್ ಈಸ್ ಇನ್ ಗುಡ್ ನಿಕ್’ ಎಂದರೆ ಬೈಕ್ ಸುಸ್ಥಿತಿಯಲ್ಲಿದೆ. ಕ್ಷೌರ ಮಾಡಿಕೊಳ್ಳುವಾಗ ಬ್ಲೇಡು ತಾಗಿದರೂ ನಿಕ್, ಕ್ರಿಕೆಟ್ ಚೆಂಡು ಬ್ಯಾಟಿನ ಅಂಚು ಸವರಿದರೂ ನಿಕ್. ಕರ್ಮದ ಜಾಗದಲ್ಲಿ ವಸ್ತುವಿದ್ದರೆ ಬಹುಮಟ್ಟಿಗೆ ಕಳವು, ಮನುಷ್ಯನಿದ್ದರೆ ಬಂಧನ. ‘ಪಿಂಚ್’ ಕೂಡ ಹೀಗೆಯೇ ಬಂಧನದ ಕಡೆ ವಾಲುವುದುಂಟು, ಈಗ ಅದು ಸ್ವಲ್ಪ ಹಳೆಯ ಧಾಟಿ. ಲಂಡನ್ನಿನ ಕಾಕ್ನಿ ಆಡುಮಾತಿನಲ್ಲಿ ಒಂದು ಪದದ ಬದಲು ಅದಕ್ಕೆ ಪ್ರಾಸವಾಗುವ ಮಾತು ಹೇಳುವ ಆಟವಿದೆ, ಅದರಲ್ಲಿ ಪಿಂಚ್‌ಗೆ ‘ಹಾಫ್-ಇಂಚ್’ ಎಂಬ ಹೆಸರಿದೆ. ಕೇಳಿದಾಗ ಅಳತೆ ಎಂದುಕೊಳ್ಳಬೇಡಿ. ‘ಸ್ವೈಪ್’ ಅಮೆರಿಕದಲ್ಲಿ ಧಾರಾಳ, ಆದರೆ ಕಾರ್ಡ್ ಉಜ್ಜುವುದಕ್ಕೂ ಅದೇ ಪದ. ‘ಹೀ ಸ್ವೈಪ್ಡ್ ಮೈ ಕಾರ್ಡ್’ ಎಂದರೆ ಕ್ಯಾಶಿಯರ್ ತನ್ನ ಕೆಲಸ ಮಾಡಿದ ಎಂದೂ ಆದೀತು, ಕಾರ್ಡ್ ಎಗರಿಸಿದ ಎಂದೂ ಆದೀತು. ಇಂಥಲ್ಲಿ ‘ಸ್ಟೋಲ್’ ಎಂದೇ ಹೇಳಿ.

ಅಮೆರಿಕನ್ನರ ಜೊತೆ ಮಾತಾಡುವಾಗ ‘ನಿಕ್’ ಬಿಡುವುದು ಒಳ್ಳೆಯದು. ಅರ್ಥವಾಗದೆ ಹೋಗಬಹುದು, ಅಥವಾ ಬ್ಲೇಡಿನ ಗಾಯ ಎಂದುಕೊಳ್ಳಬಹುದು.

ನಂಬಿಸಿ ನುಂಗಿದರೆ, ಟೋಪಿ ಹಾಕಿದರೆ

ತನ್ನ ಕೈಗೆ ಒಪ್ಪಿಸಿದ ಹಣವನ್ನು ನುಂಗುವುದು ‘ಎಂಬೆಝಲ್’. ಕ್ಯಾಶಿಯರ್, ಲೆಕ್ಕಿಗ, ಸಂಘದ ಖಜಾಂಚಿ ಇವರು ಮಾಡಬಹುದಾದದ್ದು. ದಾರಿಹೋಕ ಮಾಡಲಾಗದು, ಏಕೆಂದರೆ ಹಣ ಅವನ ಸುಪರ್ದಿನಲ್ಲಿ ಇರಲೇ ಇಲ್ಲ. ಕರ್ಮ ಹಣ, ಜೊತೆಗೆ ‘ಫ್ರಮ್’. ಬರೆಯುವಾಗ ‘ಝಡ್’ ಎರಡು. ‘ಮಿಸ್‌ಅಪ್ರೋಪ್ರಿಯೇಟ್’ ಇದರ ಕಚೇರಿ ಭಾಷೆ, ಆಡಿಟ್ ವರದಿಗೆ ಸರಿ. ‘ಸೈಫನ್ ಆಫ್’ ಎಂದರೆ ಸ್ವಲ್ಪ ಸ್ವಲ್ಪವಾಗಿ ಬೇರೆ ಖಾತೆಗೆ ಹರಿಸುವುದು, ಪತ್ರಿಕೆಗಳಿಗೆ ಪ್ರಿಯವಾದ ಪದ.

ಮೋಸದ ಕ್ರಿಯಾಪದಗಳು ಮತ್ತೆ ‘ರಾಬ್’ ಕಡೆಯವು. ಸ್ವಿಂಡಲ್, ಕಾನ್, ಚೀಟ್, ಡಿಫ್ರಾಡ್ ಎಲ್ಲದರ ಪಕ್ಕದಲ್ಲೂ ಮೋಸಹೋದ ಮನುಷ್ಯ ಇರಬೇಕು. ‘ಹೀ ಚೀಟೆಡ್ ಮೈ ಮನಿ’ ತಪ್ಪು. ‘ಹೀ ಚೀಟೆಡ್ ಮಿ ಔಟ್ ಆವ್ ಮೈ ಮನಿ’ ಸರಿ. ಪ್ರಿಪೊಸಿಷನ್ ನೆನಪಿಡಲು ಒಂದು ದಾರಿಯಿದೆ: ಗಂಭೀರ ಧಾಟಿಯ ರಾಬ್, ಡಿಫ್ರಾಡ್, ಡಿಪ್ರೈವ್‌ಗಳಿಗೆ ಬರೀ ‘ಆವ್’ ಸಾಕು. ಸ್ವಿಂಡಲ್, ಕಾನ್, ಚೀಟ್‌ಗಳಿಗೆ ಹೆಚ್ಚಾಗಿ ‘ಔಟ್ ಆವ್’. ‘ಚೀಟ್ ಆನ್’ ಮಾತ್ರ ಇಲ್ಲಿ ತರಬೇಡಿ. ‘ಮೈ ಪಾರ್ಟ್ನರ್ ಚೀಟೆಡ್ ಆನ್ ಮಿ’ ಎಂದರೆ ವ್ಯಾಪಾರದ ಪಾಲುದಾರ ಹಣ ನುಂಗಿದ ಎಂದು ಯಾರೂ ತಿಳಿಯುವುದಿಲ್ಲ, ಸಂಗಾತಿ ಇನ್ನೊಬ್ಬರ ಜೊತೆ ಸಂಬಂಧ ಇಟ್ಟುಕೊಂಡರು ಎಂದೇ ತಿಳಿಯುತ್ತಾರೆ.

‘ರಿಪ್ ಆಫ್’ ಎರಡೂ ಕಡೆ ಕಾಲಿಟ್ಟಿದೆ. ಮನುಷ್ಯ ಕರ್ಮವಾದರೆ ವಿಪರೀತ ಬೆಲೆ ಕಿತ್ತು ಮೋಸ ಮಾಡಿದರು. ಹಾಡು, ವಿನ್ಯಾಸ, ಐಡಿಯಾ ಕರ್ಮವಾದರೆ ನಕಲು ಹೊಡೆದರು. ಬೆದರಿಸಿ ಹಣ ಕೀಳುವುದರಲ್ಲೂ ಇಂಥದೇ ಜೋಡಿಯಿದೆ. ‘ಎಕ್ಸ್‌ಟಾರ್ಟ್’ ಜೊತೆ ಹಣ, ‘ಬ್ಲ್ಯಾಕ್‌ಮೇಲ್’ ಜೊತೆ ಮನುಷ್ಯ.

ಲೂಟಿ, ಬರಹ, ಖಾತೆ

‘ಲೂಟ್’ ಇಂಗ್ಲಿಷ್‌ಗೆ ಹೋದದ್ದು ಹಿಂದಿಯಿಂದ, ನಮ್ಮ ‘ಲೂಟಿ’ಯ ನೆಂಟ. ‘ದೋಚು’ವಿನ ಸ್ವಾತಂತ್ರ್ಯ ಇಂಗ್ಲಿಷ್‌ನಲ್ಲಿ ಸಿಗುವುದು ಇಲ್ಲೇ: ಅಂಗಡಿಯನ್ನೂ ಲೂಟ್ ಮಾಡಬಹುದು, ಅಂಗಡಿಯ ಸಾಮಾನನ್ನೂ. ‘ಪ್ಲಂಡರ್’ಗೂ ಹಾಗೆಯೇ. ಆದರೆ ಸಂದರ್ಭ ಕಿರಿದು. ಗಲಭೆ, ಯುದ್ಧ, ನೆರೆ, ಭೂಕಂಪದಂಥ ಹೊತ್ತಿನಲ್ಲಿ ಗುಂಪು ನುಗ್ಗಿ ಒಯ್ದರೆ ಲೂಟ್. ಸೈನ್ಯ ಊರನ್ನು ಸೂರೆ ಮಾಡಿದರೆ ಪ್ಲಂಡರ್, ಪಿಲಿಜ್. ಆಟೋದವರು ಹೆಚ್ಚು ಕೇಳಿದ್ದಕ್ಕೆ ‘ಹೀ ಲೂಟೆಡ್ ಮಿ’ ಎನ್ನುವುದು ಕನ್ನಡದ ಯೋಚನೆ. ‘ಹೀ ರಿಪ್ಡ್ ಮಿ ಆಫ್’ ಎನ್ನಬೇಕು, ಇಲ್ಲಿ ಆಫ್‌ಗೆ ಎರಡು ಎಫ್.

ಬರಹ ಕದಿಯುವುದಕ್ಕೆ ‘ಪ್ಲೇಜಿಯರೈಜ್’, ಹಗುರ ಮಾತಿನಲ್ಲಿ ‘ಲಿಫ್ಟ್’. ‘ಪೈರೇಟ್’ ಎಂದರೆ ಬೇರೆಯದು, ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವುದು. ಮೂಲ ಕರ್ತೃವಿನ ಹೆಸರು ಅಲ್ಲೇ ಇದ್ದರೂ ಅದು ಪೈರಸಿಯೇ. ‘ಪೋಚ್’ ಎಂದರೆ ಕಳ್ಳಬೇಟೆ, ಆದರೆ ಕಂಪನಿಗಳ ಮಾತಿನಲ್ಲಿ ಎದುರಾಳಿಯ ನೌಕರರನ್ನು ಸೆಳೆದುಕೊಳ್ಳುವುದು. ಆನ್‌ಲೈನ್ ಖಾತೆ ‘ಹ್ಯಾಕ್’ ಆಗುತ್ತದೆ, ಅದರಿಂದ ಹಣ ‘ಸ್ಟೋಲನ್’ ಆಗುತ್ತದೆ. ಒಂದು ನಡೆದರೆ ಇನ್ನೊಂದು ನಡೆದೇ ಇರಬೇಕೆಂದಿಲ್ಲ. ಬ್ಯಾಂಕಿಗೆ ಬರೆಯುವಾಗ ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿ.

ಓಡಿಹೋದ ಕಳ್ಳನಿಗೆ ‘ಮೇಕ್ ಆಫ್ ವಿತ್’ ಸುರಕ್ಷಿತ. ‘ಗೆಟ್ ಅವೇ ವಿತ್’ ಕೊಂಚ ಜಾರುಬಂಡೆ. ಪತ್ರಿಕೆಗಳು ‘ಗಾಟ್ ಅವೇ ವಿತ್ ದ ಜ್ಯುವೆಲ್ಸ್’ ಎಂದು ಬರೆಯುತ್ತವೆ ನಿಜ, ಆದರೆ ‘ಗಾಟ್ ಅವೇ ವಿತ್ ಇಟ್’ ಎಂದರೆ ತಪ್ಪು ಮಾಡಿಯೂ ಶಿಕ್ಷೆಯಿಂದ ಪಾರಾದ ಎಂದರ್ಥ. ‘ವಾಕ್ ಆಫ್ ವಿತ್’ ಎಂಬುದನ್ನು ಬಹುಮಾನ ಸುಲಭವಾಗಿ ಗೆದ್ದವರಿಗೂ ಹೇಳುತ್ತಾರೆ.

ಒಂದೇ ಘಟನೆ, ಬೇರೆ ಬೇರೆ ಕಿವಿಗಳು

ಊಟಕ್ಕೆ ಎದ್ದು ಹೋಗಿದ್ದಾಗ ಕಚೇರಿಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮಾಯವಾಗಿದೆ. ಬಾಗಿಲು ತೆರೆದಿತ್ತು, ಯಾರೂ ನೋಡಿಲ್ಲ. ಲಂಡನ್ನಿನ ಸಹೋದ್ಯೋಗಿಗೆ ‘ಮೈ ಲ್ಯಾಪ್‌ಟಾಪ್ಸ್ ಬೀನ್ ನಿಕ್ಡ್’ ಎನ್ನಬಹುದು. ‘ರಾಬ್ಡ್’ ಹೊಂದುವುದಿಲ್ಲ, ಬೆದರಿಕೆ ಇರಲಿಲ್ಲ. ‘ಪಿಲ್ಫರ್’ ಹೊಂದುವುದಿಲ್ಲ, ಲ್ಯಾಪ್‌ಟಾಪ್ ಸಣ್ಣ ಪುಟ್ಟ ವಸ್ತುವಲ್ಲ. ‘ಬರ್ಗಲ್ಡ್’ ಎನ್ನಲು ಹೊರಗಿನವರು ಅತಿಕ್ರಮವಾಗಿ ಒಳಬಂದದ್ದು ಗೊತ್ತಿರಬೇಕು, ಒಳಗಿನವರೇ ಒಯ್ದಿದ್ದರೆ ಆ ಪದ ಸುಳ್ಳಾಗುತ್ತದೆ. ಮೇಲಧಿಕಾರಿಗೆ, ಪೊಲೀಸರಿಗೆ ‘ಇಟ್ ವಾಸ್ ಸ್ಟೋಲನ್ ಫ್ರಮ್ ಮೈ ಡೆಸ್ಕ್’ ಎಂಬುದೇ ಸರಿಯಾದ ವಾಕ್ಯ. ವಿಮೆಯ ಫಾರಂ ತುಂಬುವಾಗ ಇನ್ನೂ ಎಚ್ಚರ ಬೇಕು. ಅನೇಕ ಪಾಲಿಸಿಗಳು ಬೀಗ ಮುರಿದ ಗುರುತಿರುವ ಕಳವಿಗೂ ಇಲ್ಲದ ಕಳವಿಗೂ ಬೇರೆ ನಿಯಮ ಇಟ್ಟಿರುತ್ತವೆ, ಅಲ್ಲಿ ‘ಬರ್ಗ್ಲರಿ’ ಎಂದು ಬರೆದು ಗುರುತು ತೋರಿಸಲಾಗದಿದ್ದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಪಾಲಿಸಿಯಲ್ಲಿ ಯಾವ ಪದಕ್ಕೆ ಏನು ವ್ಯಾಖ್ಯೆ ಕೊಟ್ಟಿದ್ದಾರೆ ಎಂದು ಮೊದಲು ಓದಿ, ಆಮೇಲೆ ಬರೆಯಿರಿ.

ಕಳವೋ, ಯಾರಾದರೂ ಕೆಲಸಕ್ಕೆಂದು ಒಯ್ದರೋ ಇನ್ನೂ ಖಚಿತವಿಲ್ಲದಿದ್ದರೆ ಸಹೋದ್ಯೋಗಿಗಳಿಗೆಲ್ಲ ಕಳುಹಿಸುವ ಇಮೇಲ್‌ನಲ್ಲಿ ‘ಸ್ಟೋಲನ್’ ಕೂಡ ಬೇಡ. ‘ಮೈ ಲ್ಯಾಪ್‌ಟಾಪ್ ಹ್ಯಾಸ್ ಗಾನ್ ಮಿಸ್ಸಿಂಗ್’ ಎಂದು ಬರೆಯಿರಿ. ಅದರಲ್ಲಿ ಯಾರ ಮೇಲೂ ಆರೋಪವಿಲ್ಲ, ತೆಗೆದುಕೊಂಡು ಹೋದವರು ಮುಜುಗರವಿಲ್ಲದೆ ತಂದಿಡಲು ದಾರಿಯೂ ಇರುತ್ತದೆ.